ನಾಲಿಗೆ ಹಚ್ಚದ ಚಟ್ನಿ

ಮದುವೆಯಾಗಿ ಮುಶಿಗೇರಿಯಿಂದ ರೋಣಕ್ಕೆ ಬಂದ ಮೂರನೆಯ ದಿನ ನಮ್ಮತ್ತೆ ನನ್ನ ಕೈ ಮೇಲೆ ಹೊಡೆದರು. ಜೋರಾಗಿ ಅಲ್ಲ, ಆದರೆ ಹೊಡೆದದ್ದು ಹೌದು. ನಾನು ಮಾಡಿದ ತಪ್ಪು ಇಷ್ಟೇ: ಆಗತಾನೆ ಕುಟ್ಟಿ ಪರಾತವೆಂಬ ಅಗಲ ತಟ್ಟೆಯಲ್ಲಿ ಹರವಿದ ಶೇಂಗಾ ಚಟ್ನಿಯಿಂದ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಳ್ಳಲು ಹೋಗಿದ್ದೆ. ತವರಿನಲ್ಲಿ ಅಡಿಗೆ ಮನೆಗೆ ಕಾಲಿಟ್ಟವರೆಲ್ಲ ಮಾಡುತ್ತಿದ್ದ ಕೆಲಸ ಅದು. ನಮ್ಮವ್ವ ಸಾರಿಗೆ ಉಪ್ಪು ಹಾಕಿದ ಮೇಲೆ ತನ್ನ ಅಂಗೈಗೆ ಎರಡು ಹನಿ, ನನ್ನ ಅಂಗೈಗೆ ಎರಡು ಹನಿ ಬಿಟ್ಟು, ಇಬ್ಬರೂ ನೆಕ್ಕಿ ನೋಡಿಯೇ ಒಲೆಯಿಂದ ಇಳಿಸುತ್ತಿದ್ದಳು.

“ಮಾರೂ ಪದಾರ್ಥಕ್ಕ ನಾಲಿಗಿ ಹಚ್ಚಬಾರ್ದು,” ಅಂದರು ಅತ್ತೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈ ವಯಸ್ಸಿನಲ್ಲೂ ಇಳಿದಿಲ್ಲ, ಆಗ ಕೇಳಬೇಕೇ. ಹೊಸ ಸೊಸೆ ಎಂಬುದನ್ನೂ ಮರೆತು, “ಹಂಗಾರ ಉಪ್ಪ ಸರಿ ಐತೋ ಇಲ್ಲೋ ಅಂತ ಹ್ಯಾಂಗ ತಿಳೀತೈತ್ರಿ?” ಎಂದು ಕೇಳಿಯೇಬಿಟ್ಟೆ. ಅತ್ತೆ ಒಂದು ಚಿಟಿಕೆ ಎತ್ತಿ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ಅದನ್ನು ಪರಾತಕ್ಕೆ ತಿರುಗಿ ಹಾಕದೆ, ನಮ್ಮ ಊಟಕ್ಕೆಂದು ಇಟ್ಟಿದ್ದ ಬಟ್ಟಲಿಗೆ ಉದುರಿಸಿದರು.

“ಸರಿ ಐತಿ,” ಅಂದರು.

“ಉಪ್ಪಿಗೆ ವಾಸನಿ ಎಲ್ಲಿರ್ತೈತ್ರಿ ಅತ್ತಿ?”

“ಉಪ್ಪಿಗಿಲ್ಲ. ಉಪ್ಪ ಬಿದ್ದ ಖಾರಕ್ಕೈತಿ.”

ನಾನು ಮನಸ್ಸಿನಲ್ಲೇ ನಕ್ಕೆ. ಮಧ್ಯಾಹ್ನ ರೊಟ್ಟಿಯ ಜೊತೆ ಆ ಬಟ್ಟಲಿನ ಚಟ್ನಿ ಹಚ್ಚಿಕೊಂಡಾಗ ನಗು ನಿಂತಿತು. ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ.

ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ ಅದು. ನಮ್ಮ ಮಾವ ತೀರಿಕೊಂಡು ಎಂಟು ವರ್ಷವಾಗಿತ್ತು. ನನ್ನ ಗಂಡ ನರಗುಂದದಲ್ಲಿ ಒಂದು ಹತ್ತಿ ಕಾರ್ಖಾನೆಯ ಗುಮಾಸ್ತ, ಮನೆಗೆ ಬರುವುದು ವಾರಕ್ಕೊಮ್ಮೆ. ಉಳಿದ ದಿನ ಮನೆಯಲ್ಲಿ ಅತ್ತೆ ಮತ್ತು ನಾನು, ಇಬ್ಬರೇ. ಗಜೇಂದ್ರಗಡದ ಸಂತೆಯಿಂದ ಮೆಣಸಿನಕಾಯಿ ತರಿಸಿ, ಶೇಂಗಾ, ಅಗಸಿ, ಗುರೆಳ್ಳು ಹುರಿದು ಕುಟ್ಟಿ ಮೂರು ಬಗೆಯ ಚಟ್ನಿ ಮಾಡಿ, ಅಡಿಗೆ ಮನೆಯ ಕಿಟಕಿಯಿಂದ ಮಾರುವುದು ಅತ್ತೆಯ ಕೆಲಸ. ಹೊಲಕ್ಕೆ ಬುತ್ತಿ ಒಯ್ಯುವವರು, ಮಾಮಲೇದಾರ ಕಚೇರಿಯ ಕಾರಕೂನರು, ಬಾಡಿಗೆ ಕೋಣೆಯಲ್ಲಿರುವ ಸಾಲಿ ಮಾಸ್ತರರು, ಎಲ್ಲರೂ ತಮ್ಮ ಡಬ್ಬಿ ತಾವೇ ಹಿಡಿದುಕೊಂಡು ಓಣಿಯಲ್ಲಿ ನಿಲ್ಲುತ್ತಿದ್ದರು.

ಈ ಕಿಟಕಿಗೆ ಅತ್ತೆ ಹಾಕಿದ ಕಟ್ಟಳೆಗಳು ಬಹಳ ಇದ್ದವು. ಮಾರುವುದು ಕಿಟಕಿಯಲ್ಲಿ ಮಾತ್ರ. ಮುಂಬಾಗಿಲಿಗೆ ಬಂದವರು ಬೀಗರಿದ್ದಂತೆ, ಅವರಿಗೆ ಮಾರುವ ಹಾಗಿಲ್ಲ, ಕೂಡಿಸಿ ಉಣ್ಣಲು ಹಾಕಬೇಕು. ತಕ್ಕಡಿ ಇಲ್ಲ, ಹಿತ್ತಾಳೆ ಬಟ್ಟಲಿನ ಅಳತೆ, ಅದರ ಮೇಲೆ ಒಂದು ಚಿಟಿಕೆ ಕೊಸರು. ಬಸುರಿಗೆ ಬಯಕೆ ಎಂದು ಕೇಳಿದರೆ ಸುಮ್ಮನೆ ಕೊಡಬೇಕು. ಮಾಡುವವರಿಗೆ ಮೈಯಲ್ಲಿ ಆರಾಮಿಲ್ಲದಿದ್ದರೆ ಕಿಟಕಿ ಮುಚ್ಚಿರಬೇಕು. ಹರವಿದ ಚಟ್ನಿಯ ಮೇಲೆ ಐದು ಬೆರಳಿನ ಗೆರೆ ಎಳೆದು ಆರಲು ಬಿಟ್ಟು, ದೇವರ ಪೂಜೆ ಮುಗಿಸಿ ಬಂದ ಮೇಲೆಯೇ ಭರಣಿಗೆ ತುಂಬಬೇಕು. ಇವೆಲ್ಲಕ್ಕೂ ದೊಡ್ಡದು ನಾಲಿಗೆಯ ಕಟ್ಟಳೆ. ನಮ್ಮ ಪಾಲಿನ ಬಟ್ಟಲನ್ನು ಕೂಡ ಕೊನೆಯ ಗಿರಾಕಿ ಹೋದ ಮೇಲೆ ಮುಟ್ಟಬೇಕು. ಗಿರಾಕಿ ಹೆಚ್ಚಾದ ದಿನ ಆ ಬಟ್ಟಲೂ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು, ನಮಗೆ ಮೊಸರು ರೊಟ್ಟಿಯೇ ಗತಿ.

ಇದು ದೇವರ ಎಡೆಯ ಮಡಿಯಿಂದ ಬಂದದ್ದು ಎಂದು ನಾನು ತಿಳಿದಿದ್ದೆ. ಅಲ್ಲ. ಮಾವ ತೀರಿಕೊಂಡ ಮೊದಲ ವರ್ಷ ಅತ್ತೆ ಕಿಟಕಿ ತೆರೆದಾಗ ಊರಿನಲ್ಲಿ ಯಾರೋ ಆಡಿಕೊಂಡಿದ್ದರಂತೆ, ತಾವು ಉಂಡು ಉಳಿದದ್ದನ್ನು ಮಾರುತ್ತಾರೆ ಎಂದು. ಆ ಮಾತು ಅವರ ಎದೆಯಲ್ಲಿ ಕೂತುಬಿಟ್ಟಿತ್ತು. ಇದನ್ನು ಅವರೇ ಒಮ್ಮೆ ನನಗೆ ಹೇಳಿದರು. “ಅವತ್ತಿಂದ ಮಂದಿ ಉಂಡು ಉಳಿದದ್ದನ್ನ ನಾವು ಉಣ್ಣೂದು,” ಅಂದರು. ಎಂಟು ವರ್ಷದಲ್ಲಿ ಆ ಮಾತು ಅಳಿಸಿಹೋಗಿತ್ತು. ಅತ್ತೆಯ ಕೈ ತಪ್ಪುವುದಿಲ್ಲ ಎಂದು ರೋಣದಲ್ಲಿ ಎಲ್ಲರೂ ಹೇಳುತ್ತಿದ್ದರು.

ನಾನು ಬಂದ ಎರಡನೆಯ ವರ್ಷ ಎಳ್ಳಮಾಸಿ ಹಬ್ಬ ಮುಗಿದ ವಾರ ಅತ್ತೆಗೆ ನೆಗಡಿ ಹಿಡಿದು ಜ್ವರಕ್ಕೆ ತಿರುಗಿತು. ಎಂಟು ದಿನ ಕಿಟಕಿ ಮುಚ್ಚಿತ್ತು. ನಾನು ಮಾಡುತ್ತೇನೆ ಅಂದರೆ ಬೇಡ ಅಂದರು. ಚಾಪೆಯ ಮೇಲೆ ಮಲಗಿ ಮುಚ್ಚಿದ ಆ ಕಿಟಕಿಯನ್ನೇ ನೋಡುತ್ತಿದ್ದರು. ದವಾಖಾನೆಯ ಔಷಧದಿಂದ ಜ್ವರ ಬಿಟ್ಟ ಮರುದಿನವೇ ಎದ್ದು ಸ್ನಾನ ಮಾಡಿ ಒಳಕಲ್ಲಿನ ಮುಂದೆ ಕೂತರು. ನನಗೆ ಸಮಾಧಾನವಾಯಿತು.

ಸುಗ್ಗಿಯ ದಿನಗಳು, ಬುತ್ತಿಗೆ ಬೇಡಿಕೆ ಜೋರು, ಒಂದು ವಾರ ನಮ್ಮ ಬಟ್ಟಲಿಗೆ ಏನೂ ಉಳಿಯಲಿಲ್ಲ. ಹಾಗಾಗಿ ನನಗೆ ಏನೂ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಒಳಗೆ ಹೋಗಿದ್ದಾಗ ಗದಗಿನ ಬಸ್ಸು ಓಡಿಸುವ ಡ್ರೈವರ್, ಲಕ್ಕಲಕಟ್ಟಿ ಊರಿನವರು, ನಮ್ಮ ಹಳೆಯ ಗಿರಾಕಿ, ಕಿಟಕಿಯ ಸರಳಿಗೆ ಮುಖ ತಂದು ಸಣ್ಣ ದನಿಯಲ್ಲಿ ಅಂದರು: “ಯಕ್ಕಾ, ಸಿಟ್ಟಾಗಬ್ಯಾಡ್ರಿ. ಮೊನ್ನಿ ಒಯ್ದ ಚಟ್ನಿ ಉಪ್ಪಂದ್ರ ಉಪ್ಪು, ಬಾಯಾಗ ಇಡಾಕ ಆಗಲಿಲ್ಲ. ನಿನ್ನಿದಕ್ಕ ಉಪ್ಪ ಬಿದ್ದಿದ್ದಿಲ್ಲ.”

ಸಿಟ್ಟಾಗಬೇಡಿ ಎಂದು ನನಗೆ ಹೇಳಿದರೆ ಮೊದಲು ಬರುವುದೇ ಸಿಟ್ಟು. “ದಿನಾ ರಸ್ತಾದ ಧೂಳ ಕುಡದು ನಿಮ್ಮ ನಾಲಿಗಿ ಸತ್ತೈತಿ. ನಮ್ಮತ್ತಿ ಕೈ ತಪ್ಪಂಗಿಲ್ಲ,” ಎಂದು ಅವರ ಮುಖದ ಮೇಲೆ ಹೊಡೆದಂತೆ ಹೇಳಿದೆ. ಅವರು ಡಬ್ಬಿ ತೆಗೆದುಕೊಂಡು ಹೋದರು.

ಅಂದು ಮಧ್ಯಾಹ್ನ ಭರಣಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಅತ್ತೆ ಕೈ ತೊಳೆಯಲು ಹೋದಾಗ ರೊಟ್ಟಿಗೆ ಹಚ್ಚಿ ತಿಂದೆ. ಉಪ್ಪಿರಲಿಲ್ಲ. ಬೆಳ್ಳುಳ್ಳಿ ಸೀದು ಕಹಿಯೂ ಬಂದಿತ್ತು. ಡ್ರೈವರ್ ಮುಖ ಕಣ್ಣ ಮುಂದೆ ಬಂದು ನಾಚಿಕೆಯಾಯಿತು. ಸಂಜೆ ಪಕ್ಕದ ಮನೆಯ ಹೆಂಗಸನ್ನು ಕೇಳಿದೆ. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ಉಪ್ಪ ಇಲ್ಲಂದ್ರ ಹಾಕ್ಕೊಂತೀವಿ. ಹೆಚ್ಚಾದ್ರ ಮತ್ತಷ್ಟು ಶೇಂಗಾ ಕುಟ್ಟಿ ಕಲಸ್ತೀವಿ. ಅಂಥಾ ಹಿರ್ಯಾಕಿಗೆ ಹ್ಯಾಂಗ ಹೇಳೂದವ್ವಾ?” ಅಂದಳು. ನಾವು ಮಾರಿದ ಚಟ್ನಿಯನ್ನು ಇಡೀ ಓಣಿ ತಮ್ಮ ತಮ್ಮ ಮನೆಯಲ್ಲಿ ಎರಡನೆಯ ಸಲ ಮಾಡುತ್ತಿತ್ತು!

ಮರುದಿನ ಒಲೆಯ ಮೇಲಿನ ಹಾಲು ತಳ ಹಿಡಿಯಿತು. ಸೀದ ವಾಸನೆ ಪಡಸಾಲೆಯವರೆಗೂ ಬಂತು, ನಾನು ಓಡಿ ಬಂದೆ. ಅತ್ತೆ ಒಲೆಯ ಪಕ್ಕದಲ್ಲೇ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಅದೇ ಹಾಲನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟೆ, ಏನೂ ಅನ್ನದೆ ಕುಡಿದರು. ಆಗ ನನಗೆ ಖಾತ್ರಿಯಾಯಿತು. ಜ್ವರದೊಂದಿಗೆ ಅವರ ಮೂಗು ಹೋಗಿತ್ತು.

ಹೇಳಿಬಿಡಬಹುದಿತ್ತು. ಹೇಳಿದರೆ ಅವರು ಅಂದೇ ಕಿಟಕಿ ಮುಚ್ಚುತ್ತಾರೆ, ಮತ್ತೆ ತೆರೆಯುವುದಿಲ್ಲ, ಇದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಜ್ವರದ ಎಂಟು ದಿನ ಅವರು ಆ ಕಿಟಕಿಯನ್ನು ನೋಡಿದ್ದನ್ನು ನಾನು ನೋಡಿದ್ದೆ. ಉಪ್ಪು ಹೆಚ್ಚು ಕಡಿಮೆಯಾಗುತ್ತಲೇ ಹೋದರೆ ಒಂದಲ್ಲ ಒಂದು ದಿನ ಓಣಿಯ ಮರ್ಯಾದೆಗೂ ಕೊನೆ ಬರುತ್ತದೆ, ಅತ್ತೆಯ ಕೈ ಹೋಯಿತು ಎಂದು ಕಿಟಕಿಯಲ್ಲೇ ಯಾರಾದರೂ ಹೇಳುತ್ತಾರೆ. ಆ ಮಾತನ್ನು ಅವರು ಕೇಳಬಾರದು ಎಂದು ನಾನು ಹಟ ಹಿಡಿದೆ.

ಮರುದಿನ ಬೆಳಿಗ್ಗೆ ಅವರು ಪೂಜೆಗೆ ಹೋದ ಕೂಡಲೇ ಪರಾತದ ಮುಂದೆ ಕೂತೆ. ಒಂದು ಚಿಟಿಕೆಯನ್ನು ಎತ್ತರದಿಂದ, ಬೆರಳು ತುಟಿಗೆ ತಾಗದ ಹಾಗೆ ಬಾಯಿಗೆ ಹಾಕಿಕೊಂಡೆ. ತಾಗದಿದ್ದರೆ ಎಂಜಲಾಗುವುದಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಆದರೆ ಕಟ್ಟಳೆ ಬೆರಳಿಗಲ್ಲ, ನಾಲಿಗೆಗೆ. ಅದು ನನಗೂ ಗೊತ್ತಿತ್ತು. ಉಪ್ಪು ಸಾಲದು ಅನ್ನಿಸಿತು. ಕಲ್ಲುಪ್ಪು ಪುಡಿ ಮಾಡಿ ಹಾಕಿ, ಕಲಸಿ, ಸಪಾಟಾಗಿ ಹರವಿ, ಕೈ ತೊಳೆದು, ಏನೂ ಅರಿಯದವಳ ಹಾಗೆ ರೊಟ್ಟಿ ಬಡಿಯಲು ಕೂತೆ.

ಹೀಗೆ ಎರಡು ತಿಂಗಳು ನಡೆಯಿತು. ಮೊದಮೊದಲು ಕಷ್ಟವಾಗುತ್ತಿತ್ತು, ಉಪ್ಪು ಹೆಚ್ಚಾದ ದಿನ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಆಮೇಲೆ ನನ್ನ ಅದೃಷ್ಟಕ್ಕೆ ಕೆಲಸ ಹಗುರಾಯಿತು. ಅತ್ತೆ ಉಪ್ಪು ಹಾಕುವುದನ್ನೇ ಮರೆಯತೊಡಗಿದರು. ದಿನವೂ ಚಟ್ನಿ ಸಪ್ಪೆ, ನಾನು ಹಾಕಿದಷ್ಟೇ ಉಪ್ಪು. ಪಾಪ, ನೆನಪೂ ಹೋಗುತ್ತಿದೆ ಅಂದುಕೊಂಡೆ. ಯಾಕೋ ಕಲ್ಲುಪ್ಪನ್ನು ಮೊದಲೇ ಕುಟ್ಟಿ ಭರಣಿಯಲ್ಲಿ ತುಂಬಿ ಪರಾತದ ಪಕ್ಕದಲ್ಲೇ ಇಡುವ ರೂಢಿ ಮಾಡಿಕೊಂಡರು, ಅದೂ ನನಗೆ ಅನುಕೂಲವೇ ಆಯಿತು. ಅವರ ಪೂಜೆಯೂ ಉದ್ದವಾಯಿತು. ವಯಸ್ಸಾದ ಹಾಗೆ ಭಕ್ತಿ ಹೆಚ್ಚುತ್ತದೆ ಎಂದು ನಾನು ಅದಕ್ಕೂ ಒಂದು ಕಾರಣ ಹುಡುಕಿದೆ.

ಡ್ರೈವರ್ ತಿರುಗಿ ಬಂದರು. “ಅವ್ವಾರ ಕೈ ಮೊದಲಿನಂಗ ಆತು ನೋಡ್ರಿ,” ಅಂದರು. ಅತ್ತೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. ಖರೇ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು. ಅವರ ಮಾನ ಉಳಿಸಲು ಕದ್ದು ತಿಂದವಳು ನಾನು, ಹೊಗಳಿಕೆ ಅವರಿಗೆ. ಅಂದು ಊಟಕ್ಕೆ ಬಡಿಸುವಾಗ ತಾಟನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದೆ. ಅತ್ತೆ ನನ್ನ ಮುಖ ನೋಡಿದರು.

ಬಿಸಿಲು ಏರುವ ದಿನಗಳಲ್ಲಿ ಕಚೇರಿಯಿಂದ ಒಬ್ಬ ಸಾಹೇಬರು ಬಂದರು. ಟೋಪಿ, ಬಗಲಲ್ಲಿ ಕಾಗದದ ಕಟ್ಟು. ತಿನ್ನುವ ಪದಾರ್ಥ ಮಾರುವ ಮನೆಗಳಿಗೆಲ್ಲ ಹೋಗಿ ನಿಯಮ ಹೇಳಿ ಬರಬೇಕೆಂದು ಅವರಿಗೆ ಮೇಲಿನಿಂದ ಹುಕುಮು ಬಂದಿತ್ತಂತೆ. ಬಂದದ್ದು ಮುಂಬಾಗಿಲಿಗೆ. ಅತ್ತೆ ಮಣೆ ಹಾಕಿ ಕೂಡಿಸಿ, ಎರಡು ರೊಟ್ಟಿ, ಪಲ್ಯ, ಚಟ್ನಿ, ಮೊಸರು ಇಟ್ಟರು. “ನಾ ಉಣ್ಣಾಕ ಬಂದಿಲ್ರಿ ಅವ್ವಾರ, ನೀವು ಮಾರೂದನ್ನ ನೋಡಾಕ ಬಂದೀನಿ,” ಅಂದರು ಅವರು.

“ಈ ಬಾಗಲದಾಗ ಮಾರೂದಿಲ್ರಿ. ಅದನ್ನ ನೋಡೂದಿದ್ರ ಹಿಂದ ಕಿಟಕಿಗೆ ಬರ್ರಿ. ಮೊದಲು ಉಂಡು ಬರ್ರಿ,” ಅಂದರು ಅತ್ತೆ.

ಸಾಹೇಬರು ಒಳ್ಳೆಯವರು. ನಕ್ಕು, ಉಂಡು, ಕೈ ತೊಳೆದು, ಬಿಸಿಲಲ್ಲಿ ಮನೆಯನ್ನು ಸುತ್ತಿ ಕಿಟಕಿಗೆ ಬಂದು ನಿಂತರು. ಓಣಿಯಲ್ಲಿ ಆಗಲೇ ನಾಲ್ಕಾರು ಜನ ಡಬ್ಬಿ ಹಿಡಿದು ನಿಂತಿದ್ದರು. ಸಾಹೇಬರು ಕಾಗದ ತೆಗೆದು ಓದಿದರು: ಪದಾರ್ಥ ಮುಚ್ಚಿಡಬೇಕು, ನೊಣ ಕೂಡಬಾರದು, ಕೈ ತೊಳೆದಿರಬೇಕು, ರೋಗ ಇದ್ದವರು ಮಾಡಬಾರದು, ಕಲಬೆರಕೆ ಇರಬಾರದು. ಅತ್ತೆ ಒಂದೊಂದಕ್ಕೂ ತಲೆ ಆಡಿಸಿದರು. ಕೊನೆಗೆ ಅವರು, “ನಿಮ್ಮ ಮನ್ಯಾಗ ಬ್ಯಾರೆ ಏನರ ನೇಮ ಐತೇನ್ರಿ?” ಎಂದು ಕೇಳಿದರು, ಬರೆದುಕೊಳ್ಳುವವರ ಹಾಗೆ.

“ಒಂದೈತ್ರಿ ಸಾಹೇಬ್ರ. ಮಾರೂ ಪದಾರ್ಥಕ್ಕ ನಮ್ಮ ಮನ್ಯಾಗ ಯಾರೂ ನಾಲಿಗಿ ಹಚ್ಚೂದಿಲ್ಲ,” ಅಂದರು ಅತ್ತೆ. ಒಂದು ಕ್ಷಣ ಬಿಟ್ಟು, “ಬೇಕಾದ್ರ ಸೊಸೀನ್ನ ಕೇಳ್ರಿ,” ಅಂದರು.

ಸಾಹೇಬರು ನನ್ನ ಕಡೆ ತಿರುಗಿದರು. ಡ್ರೈವರ್ ನೋಡಿದರು, ಪಕ್ಕದ ಮನೆಯವಳು ನೋಡಿದಳು, ದೇವರ ಎಡೆಗೆ ನಮ್ಮಲ್ಲೇ ಚಟ್ನಿ ಒಯ್ಯುತ್ತಿದ್ದ ಒಬ್ಬ ಮುದುಕಿಯೂ ನೋಡಿದಳು. ಅತ್ತೆ ಮಾತ್ರ ನನ್ನನ್ನು ನೋಡಲಿಲ್ಲ. ನನ್ನ ಬಾಯಲ್ಲಿ ಬೆಳಗಿನ ಚಟ್ನಿಯ ಖಾರ ಇನ್ನೂ ಇತ್ತು.

“ಹೌದ್ರಿ,” ಅಂದೆ.

ಸಾಹೇಬರು ಮೆಚ್ಚಿ ಹೋದರು. ನಾನು ಹಿತ್ತಲಿಗೆ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿದೆ. ಅಷ್ಟು ಸಣ್ಣ ಮಾತು ಅಷ್ಟು ಕಹಿಯಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆ ಮುದುಕಿ ದೇವರ ಮುಂದೆ ಇಡುತ್ತಿದ್ದದ್ದು ನಾನು ರುಚಿ ನೋಡಿದ ಚಟ್ನಿ. ಅತ್ತೆಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡು ಊರಿಗೇ ಮೋಸ ಮಾಡುತ್ತಿದ್ದೆ.

ಸಂಜೆ ಅತ್ತೆ ದೀಪ ಹಚ್ಚಿ ಬಂದು ಕೂತರು. ನಾನು ಇನ್ನು ತಡೆಯಲಾರೆ ಎಂದು, “ಅತ್ತಿ, ಒಂದು ಮಾತು ಹೇಳಬೇಕ್ರಿ,” ಅಂದೆ.

“ಏನೂ ಹೇಳಬ್ಯಾಡ. ನನಗ ಗೊತ್ತೈತಿ,” ಅಂದರು. “ಜ್ವರ ಬಂದಾಗಿಂದ ನನಗ ಒಂದೂ ವಾಸನಿ ಬರವಲ್ದು. ಬೆಳ್ಳುಳ್ಳಿದೂ ಇಲ್ಲ, ಊದಿನಕಡ್ಡೀದೂ ಇಲ್ಲ. ನೀ ಪರಾತಕ್ಕ ಕೈ ಹಾಕಿದ್ದು ಮೊದಲನೇ ದಿನಾನ ತಿಳೀತು. ನಾ ಎಳೆದ ಗೆರಿ ಇರಲಿಲ್ಲ.”

ಎರಡು ತಿಂಗಳು ಸಪಾಟಾಗಿ ಹರವಿದ್ದೆ, ಒಂದು ದಿನವೂ ಬೆರಳಿನ ಗೆರೆ ನನ್ನ ನೆನಪಿಗೆ ಬಂದಿರಲಿಲ್ಲ.

“ಮತ್ಯಾಕ ಸುಮ್ಮನಿದ್ರಿ?”

“ಕೇಳಿದ್ರ ನೀ ಬಿಡತಿದ್ದಿ. ನೀ ಬಿಟ್ಟರ ಕಿಟಕಿ ಮುಚ್ಚಬೇಕಿತ್ತು. ಅದಕ್ಕ ನಾ ಉಪ್ಪ ಹಾಕೂದನ್ನ ಬಿಟ್ಟೆ. ಹೆಚ್ಚಾದ್ರ ನಿನಗ ತಗ್ಯಾಕ ಬರಂಗಿಲ್ಲ, ಇಲ್ಲಂದ್ರ ಹಾಕಬಹುದು. ಪೂಜಿ ಮುಗಿದ ಮ್ಯಾಲೂ ನೀ ಪರಾತದ ಮುಂದಿಂದ ಏಳೂತನಕ ಅಲ್ಲೇ ಕುಂಡ್ರತಿದ್ದೆ.”

ಮೊದಲು ನನಗೆ ಬಂದದ್ದು ಸಿಟ್ಟೇ. ಎರಡು ತಿಂಗಳು ನಾನು ಇಲ್ಲಿ ಕಳ್ಳಿಯ ಹಾಗೆ ನಡುಗುತ್ತಿದ್ದರೆ ಇವರು ಅಲ್ಲಿ ದೇವರ ಮುಂದೆ ಕೂತು ಕಾಯುತ್ತಿದ್ದರೇ! ಏನೋ ಅನ್ನಲು ಬಾಯಿ ತೆರೆದೆ. ಅತ್ತೆಯ ಕಣ್ಣು ತುಂಬಿದ್ದನ್ನು ನೋಡಿ ಸುಮ್ಮನಾದೆ. ಅವರು ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

“ಇವತ್ತ ಸಾಹೇಬ್ರು ಕೇಳಿದಾಗ ನನ್ನ ಮಾತಿಗೆ ನನಗ ಧೈರ್ಯ ಸಾಲಲಿಲ್ಲ. ನನ್ನ ಸುಳ್ಳನ್ನ ನಿನ್ನ ಬಾಯಿಗೆ ದಾಟಿಸಿದೆ,” ಅಂದರು. “ಎಂಜಲಾ ಅಂದ್ರ ಅದು. ನೀ ರುಚಿ ನೋಡಿದ್ದಲ್ಲ.”

ಮರುದಿನ ಕಿಟಕಿ ತೆರೆದಾಗ ಅತ್ತೆ ಭರಣಿಯ ಮುಚ್ಚಳ ತೆಗೆಯಲಿಲ್ಲ. ಓಣಿಯಲ್ಲಿ ಏಳೆಂಟು ಜನ ಇದ್ದರು. “ನನ್ನ ಮೂಗು ಹೋಗೈತಿ. ಎರಡು ತಿಂಗಳಿಂದ ನಮ್ಮ ಸೊಸಿ ರುಚಿ ನೋಡಿ ಉಪ್ಪ ಹಾಕ್ಯಾಳ. ನಿನ್ನಿ ಸಾಹೇಬ್ರ ಮುಂದ ಆಕಿ ಹೇಳಿದ ಸುಳ್ಳು ನಂದು. ಇನ್ನ ಮುಂದನೂ ಆಕೀನ ರುಚಿ ನೋಡಾಕಿ. ನಡೀತೈತಿ ಅನ್ನವರು ಒಯ್ರಿ, ಬ್ಯಾಡ ಅನ್ನವರದು ತಪ್ಪಿಲ್ಲ,” ಅಂದರು. ದನಿ ಗಟ್ಟಿಯಾಗಿತ್ತು.

ದೇವರ ಎಡೆಗೆ ಒಯ್ಯುತ್ತಿದ್ದ ಮುದುಕಿ ಡಬ್ಬಿಯನ್ನು ಸೆರಗಿನೊಳಗೆ ಸೇರಿಸಿಕೊಂಡು ನಡೆದುಬಿಟ್ಟಳು. ಮತ್ತೆ ಬರಲೇ ಇಲ್ಲ. ಅವಳ ಹಿಂದೆ ಇನ್ನಿಬ್ಬರು ಹೋದರು. ಅವರು ತಿರುವಿನಲ್ಲಿ ಮರೆಯಾಗುವವರೆಗೂ ಅತ್ತೆ ನೋಡುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಡ್ರೈವರ್ ಮುಂದೆ ಬಂದು ಡಬ್ಬಿ ಚಾಚಿದರು. “ಬಸ್ಸಿಗೆ ಹೊತ್ತಾತ್ರಿ, ಲಗೂ ಹಾಕ್ರಿ ಅವ್ವಾರ. ಎರಡು ತಿಂಗಳಿಂದ ಭಾಳ ಚಲೋ ಆಗೈತಿ.”

“ಅದು ಆಕೀ ಕೈದು,” ಅಂದರು ಅತ್ತೆ, ಬಟ್ಟಲು ತುಂಬಿ ಮೇಲೆ ಕೊಸರು ಹಾಕುತ್ತ. ನನಗೆ ಬೇಕು ಬೇಕು ಎಂದು ಒದ್ದಾಡಿದ ಹೊಗಳಿಕೆ ಅದು. ಸಿಕ್ಕಾಗ ತಲೆ ಎತ್ತಿ ನೋಡುವುದಕ್ಕೂ ಆಗಲಿಲ್ಲ.

ಅದರ ಮರುದಿನ ಬೆಳಿಗ್ಗೆ ಅತ್ತೆ ಪೂಜೆಗೆ ಎದ್ದು ಹೋಗಲಿಲ್ಲ. ಚಟ್ನಿ ಹರವಿ, ಗೆರೆ ಎಳೆದು, ಉಪ್ಪಿನ ಭರಣಿಯನ್ನು ನನ್ನ ಕಡೆ ಸರಿಸಿ ಎದುರಿಗೆ ಕೂತರು. ನಾನು ಮೊದಲ ಸಲ ಅವರ ಕಣ್ಣ ಮುಂದೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಉಪ್ಪು ಕಲಸಿದೆ, ಮತ್ತೆ ನೋಡಿದೆ.

“ಸರಿ ಐತ್ರಿ,” ಅಂದೆ.

ಅವರು ಏಳಲಿಲ್ಲ. ಪರಾತವನ್ನೇ ನೋಡುತ್ತ, “ವಾಸನಿ ಹ್ಯಾಂಗ ಬಂದೈತಿ?” ಎಂದು ಕೇಳಿದರು.

“ಚಲೋ ಬಂದೈತ್ರಿ.”

“ಚಲೋ ಅಂದ್ರ ನನಗೇನ ತಿಳೀಬೇಕು? ಶೇಂಗಾ ಮುಂದೈತೋ, ಬೆಳ್ಳುಳ್ಳಿ ಮುಂದೈತೋ?”

ಪರಾತದ ಮೇಲೆ ಬಗ್ಗಿದೆ. ಅವರ ಹಾಗೆ ಕಣ್ಣು ಮುಚ್ಚಿದೆ. “ಮೊದಲು ಹುರಿದ ಶೇಂಗಾ ಬರ್ತೈತ್ರಿ,” ಅಂದೆ. “ಅದರ ಹಿಂದ ಬೆಳ್ಳುಳ್ಳಿ. ಸೀದಿಲ್ರಿ, ಹದಾ ಐತಿ. ಕಡೀಕ ಮೆಣಸಿನಕಾಯಿ, ಅದು ಗಂಟಲದಾಗ ಹತ್ತತೈತಿ. ಜೀರಗಿ ಎಲ್ಲೋ ತಳದಾಗೈತ್ರಿ.”

ಅತ್ತೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಹೊರಗೆ ಓಣಿಯಲ್ಲಿ ಡಬ್ಬಿಗಳ ಸದ್ದು ಶುರುವಾಗಿತ್ತು.

“ಇನ್ನೊಮ್ಮೆ ಹೇಳು,” ಅಂದರು.

ನಾನು ಮತ್ತೆ ಮೊದಲಿನಿಂದ ಹೇಳಿದೆ. ಆವತ್ತು ಕಿಟಕಿ ತೆರೆಯುವುದು ತಡವಾಯಿತು.